ಹ್ಯಾಂಡಲ್ ಬದಲಿಸುವ ಮೊದಲು ಬ್ರೇಕ್ ನೋಡಿ: ನಮ್ಮ ಮನೆಯ ಗುಂಪಿನ ಚರ್ಚೆ

ಶನಿವಾರ ಸಂಜೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಹೈಬ್ರಿಡ್ ಸೈಕಲ್ (ನೇರ ಹ್ಯಾಂಡಲ್ಲಿನ, ರಸ್ತೆಗೂ ಒರಟು ದಾರಿಗೂ ಹೊಂದುವ ಸೈಕಲ್) ಇರುವ ಬೇರೆ ಮನೆಗಳವರಿಗೂ ತಿಳಿದಿರಲಿ ಎಂದು, ಹೆಸರುಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ.

ಭಾವ ಫಾರ್ವರ್ಡ್ ಮಾಡಿದ್ದು: "ಹೈಬ್ರಿಡ್ ಸೈಕಲ್ ಇರುವವರು ತಪ್ಪದೆ ಓದಿ. ದುಬಾರಿ ರೋಡ್ ಬೈಕ್ ಕೊಳ್ಳಬೇಕಾಗಿಲ್ಲ. ನೇರ ಹ್ಯಾಂಡಲ್ ತೆಗೆಸಿ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸಿದರೆ ಅದೇ ಸೈಕಲ್ ರೇಸ್ ಸೈಕಲ್ ಆಗುತ್ತದೆ. ಹಳೆಯ ಬ್ರೇಕ್, ಗೇರ್ ಹಾಗೆಯೇ ಕೂರುತ್ತವೆ. ಅಂಗೈ ಜೋಮು ಶಾಶ್ವತವಾಗಿ ಮಾಯ. ಅರ್ಧ ಗಂಟೆಯ ಕೆಲಸ. ಎಲ್ಲರಿಗೂ ಹಂಚಿ."

ಭಾವ: ಪುಟ್ಟ, ಇದನ್ನು ಓದು. ಹೊಸ ಸೈಕಲ್ಲಿನ ಅಗತ್ಯವಿಲ್ಲ ಎಂದು ನಾನು ಯುಗಾದಿಯಿಂದಲೂ ಹೇಳುತ್ತಿದ್ದೇನೆ. ಈಗ ತಿಳಿದವರೇ ಬರೆದಿದ್ದಾರೆ.

ಅತ್ತಿಗೆ: ತಿಳಿದವರು ಎಂದರೆ ಯಾರು, ಭಾವ? ಬರೆದವರ ಹೆಸರಿಲ್ಲ, ಯಾವ ಸೈಕಲ್ಲಿಗೆ ಎಂಬ ವಿವರವೂ ಇಲ್ಲ. ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆಯೇ ಶ್ರೇಷ್ಠ ಎಂದು ಹಿಂದೆ ನೀವು ಕಳುಹಿಸಿದ್ದನ್ನು ನಂಬಿ ನಮ್ಮ ಮಗಳು ಸವರಿದಳು. 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುವ ಎಣ್ಣೆ ಅದು. ಡಿಸೆಂಬರಿನಲ್ಲಿ ಚೈನಿನ ತುಂಬ ಮಣ್ಣು ಮೆತ್ತಿಕೊಂಡು, ಅಂಗಡಿಯವರು ಬಿಚ್ಚಿ ತೊಳೆಯಬೇಕಾಯಿತು.

ಭಾವ: ಅದನ್ನು ಬರೆದವನು ನಾನಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೆ. ಈ ಮನೆಯಲ್ಲಿ ನಾನು ಏನು ಕಳುಹಿಸಿದರೂ ಮೊದಲ ಪ್ರಶ್ನೆ ನಿಮ್ಮದೇ ಇರುತ್ತದೆ.

ದೊಡ್ಡಪ್ಪ: ಜಗಳ ಬೇಡ. ಬೆನ್ನು ಬಾಗಿಸಿ, ಕುತ್ತಿಗೆ ಎತ್ತಿ ಸವಾರಿ ಮಾಡುವ ಅವಸರ ಈ ವಯಸ್ಸಿನವರಿಗೆ ಯಾಕೆ ಬೇಕು? ನಾವು ನೆಟ್ಟಗೆ ಕೂತು ಊರಿಂದೂರಿಗೆ ಸೈಕಲ್ ತುಳಿದವರು. ಇದ್ದುದರಲ್ಲಿ ತೃಪ್ತಿ ಪಡುವುದನ್ನು ಮಕ್ಕಳಿಗೆ ನಾವು ಕಲಿಸಲೇ ಇಲ್ಲ.

ನಾನು: ದೊಡ್ಡಪ್ಪ, ತೃಪ್ತಿಯ ಮಾತು ಆಮೇಲೆ ಆಡೋಣ, ಮೊದಲು ಬ್ರೇಕಿನ ಮಾತು ಮುಗಿಯಲಿ. ಪುಟ್ಟನ ಸೈಕಲ್ಲನ್ನು ನಾನು ನೋಡಿದ್ದೇನೆ, ಅದರದ್ದು ವಿ-ಬ್ರೇಕ್, ಅಂದರೆ ಎರಡು ಉದ್ದ ತೋಳುಗಳು ಎರಡೂ ಬದಿಯಿಂದ ರಿಮ್ಮನ್ನು ಒತ್ತುವ ಬ್ರೇಕ್. ಈ ಸಂದೇಶದಲ್ಲಿ "ಹಳೆಯ ಬ್ರೇಕ್, ಗೇರ್ ಹಾಗೆಯೇ ಕೂರುತ್ತವೆ" ಎಂಬ ವಾಕ್ಯವೇ ಅಪಾಯಕಾರಿ. ನೇರ ಹ್ಯಾಂಡಲ್ಲಿನಲ್ಲಿ ಬ್ರೇಕ್ ಲಿವರ್ ಮತ್ತು ಗೇರ್ ಬದಲಿಸುವ ಶಿಫ್ಟರ್ ಕೂರುವ ಭಾಗದ ಹೊರವ್ಯಾಸ 22.2 ಮಿ.ಮೀ., ಡ್ರಾಪ್ ಹ್ಯಾಂಡಲ್ಲಿನಲ್ಲಿ 23.8 ಮಿ.ಮೀ. ಹಾಗಾಗಿ ಹಳೆಯ ಲಿವರಿನ ಪಟ್ಟಿ ಹೊಸ ಕೊಳವೆಯ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಸರಿ, ಹೊಸ ಡ್ರಾಪ್ ಲಿವರನ್ನೇ ಕೊಂಡೆವು ಎಂದುಕೊಳ್ಳಿ. ವಿ-ಬ್ರೇಕಿನ ತೋಳುಗಳು ಉದ್ದವಾಗಿರುವುದರಿಂದ ಪ್ಯಾಡುಗಳು ರಿಮ್ಮನ್ನು ಒತ್ತಿ ಹಿಡಿಯಲು ಲಿವರ್ ಹೆಚ್ಚು ಕೇಬಲ್ ಎಳೆಯಬೇಕು, ಸಾಮಾನ್ಯ ಡ್ರಾಪ್ ಲಿವರ್ ಅಷ್ಟು ಎಳೆಯುವುದಿಲ್ಲ. ಪ್ಯಾಡುಗಳನ್ನು ರಿಮ್ಮಿಗೆ ತೀರ ಹತ್ತಿರ ತಂದು ಬಿಗಿದರೆ ಅಂಗಡಿಯ ಮುಂದೆ ಬ್ರೇಕ್ ಚೆನ್ನಾಗಿ ಹಿಡಿದಂತೆಯೇ ಅನಿಸುತ್ತದೆ. ಆದರೆ ಪ್ಯಾಡ್ ಸ್ವಲ್ಪ ಸವೆದ ಮೇಲೆ ಲಿವರ್ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ಮಳೆಯಲ್ಲಿ, ಇಳಿಜಾರಿನಲ್ಲಿ ಇದು ಏನಾಗಬಹುದೆಂದು ಯೋಚಿಸಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಅತ್ತಿಗೆ: ನಿಮ್ಮ ಮಾತಿಗೂ ಆಧಾರ ಕೇಳಬೇಕಲ್ಲವೇ? ಈ 22.2 ಎಲ್ಲಿಂದ ಬಂತು?

ನಾನು: ಕೇಳಲೇಬೇಕು, ಅತ್ತಿಗೆ. ಪುಟ್ಟ, ನಿನ್ನ ಬಳಿ ವರ್ನಿಯರ್ ಕ್ಯಾಲಿಪರ್ ಇದ್ದರೆ ಹಿಡಿಕೆಯ ರಬ್ಬರ್ ಸರಿಸಿ ಅಳೆದು ನೋಡು.

ಹಾಸನದ ತಮ್ಮ: ಬ್ರೇಕಿನ ಮಾತು ಬಂದಾಗ ತಾತನ ಸೈಕಲ್ ಕಣ್ಣ ಮುಂದೆ ಬಂತು. ಕಪ್ಪು ಬಣ್ಣದ ಅಟ್ಲಾಸ್, ಹಿಂದಿನ ಚಕ್ರಕ್ಕೆ ಡೈನಮೊ, ಕೇಬಲ್ಲಿನ ಬದಲು ರಾಡ್ ಬ್ರೇಕ್. ಸೀಟಿಗೆ ಕಾಲು ಎಟುಕದೆ ಒಳಪೆಡಲು ತುಳಿದೇ ನಾವೆಲ್ಲ ಕಲಿತದ್ದು. ದೊಡ್ಡಣ್ಣ ರೇಸ್ ಸೈಕಲ್ಲಿನಂತೆ ಕಾಣಲೆಂದು ಅದರ ಹ್ಯಾಂಡಲನ್ನು ತಲೆಕೆಳಗು ಮಾಡಿ, ರಾಡ್ ಸೇರದೆ ಬ್ರೇಕನ್ನೇ ಬಿಚ್ಚಿಟ್ಟು, ಚಪ್ಪಲಿಯಿಂದ ಟೈರ್ ಒತ್ತಿ ನಿಲ್ಲಿಸುತ್ತಿದ್ದುದು ನೆನಪಿದೆಯೇ? ಮನೆ ರಿಪೇರಿಯ ಸಮಯದಲ್ಲಿ ಆ ಸೈಕಲ್ಲನ್ನು ಯಾರನ್ನೂ ಕೇಳದೆ ಗುಜರಿಗೆ ಹಾಕಿದ್ದು ಇಂದಿಗೂ ನನಗೆ ನೋವು.

ದೊಡ್ಡಪ್ಪ: ಯಾರನ್ನೂ ಕೇಳದೆ ಎಂದರೆ ಏನರ್ಥ? ನಿಮ್ಮಪ್ಪನನ್ನು ಕೇಳಿಯೇ ಕೊಟ್ಟೆ. ಫ್ರೇಮಿಗೆ ತುಕ್ಕು ತಿಂದು ತೂತು ಬಿದ್ದಿತ್ತು.

ಹಾಸನದ ತಮ್ಮ: ಅಪ್ಪ ಒಪ್ಪಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ.

ನಾನು: ಗುಜರಿಯ ವಿಷಯವನ್ನು ಹಬ್ಬಕ್ಕೆ ಸೇರಿದಾಗ ಮಾತಾಡೋಣ. ಆದರೆ ತಮ್ಮ, ನೀನು ಹೇಳಿದ ರಾಡ್ ಬ್ರೇಕ್ ಇಲ್ಲಿ ಸರಿಯಾದ ಉದಾಹರಣೆ. ಅದರಲ್ಲಿ ಹ್ಯಾಂಡಲ್, ಲಿವರ್, ಬ್ರೇಕ್ ಮೂರೂ ಒಂದೇ ಜೋಡಣೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಕೇಬಲ್ ಬಂದ ಮೇಲೆ ಆ ಸಂಬಂಧ ಮರೆಯಾಯಿತು, ಇಲ್ಲವಾಗಲಿಲ್ಲ.

ಪುಟ್ಟ: ಮಾವ, ಅಳೆದೆ. 22.2 ಬಂತು. ಬ್ರೇಕ್ ವಿ-ಬ್ರೇಕೇ, ಹಿಂದೆ 8 ಗೇರ್, ಮುಂದೆ 3. ಇಷ್ಟು ಹೊತ್ತು ನನ್ನ ಸೈಕಲ್ಲಿನ ಬಗ್ಗೆ ಚರ್ಚೆಯಾದರೂ ನನಗೇನು ಬೇಕೆಂದು ಯಾರೂ ಕೇಳಲಿಲ್ಲ. ನನಗೆ ರೇಸ್ ಬೇಕಾಗಿಲ್ಲ. 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ರೇಸ್ ಅಲ್ಲ) ಮುಗಿಸುವ ಆಸೆ ಇದೆ, ಆದರೆ ದೂರ ಹೋದಾಗ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ.

ನಾನು: ಇದನ್ನು ಮೊದಲೇ ಕೇಳಬೇಕಿತ್ತು. ಬ್ರೆವೆಗೆ ಬಾಗಿದ ಹ್ಯಾಂಡಲ್ ಕಡ್ಡಾಯವಲ್ಲ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಸಮಯವಿದೆ. ಆ ಎರಡು ಬೆರಳುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ ಹಾದುಹೋಗುತ್ತದೆ, ಒಂದೇ ಹಿಡಿತದಲ್ಲಿ ಗಂಟೆಗಟ್ಟಲೆ ಭಾರ ಹಾಕಿದರೆ ಅದರ ಮೇಲೆ ಒತ್ತಡ ಬೀಳುತ್ತದೆ. ಡ್ರಾಪ್ ಹ್ಯಾಂಡಲ್ಲಿನ ನಿಜವಾದ ಗುಣ ಇಲ್ಲಿದೆ: ಮೇಲೆ, ಲಿವರಿನ ತಲೆಯ ಮೇಲೆ, ಕೆಳಗಿನ ಬಾಗಿನಲ್ಲಿ ಎಂದು ಹಿಡಿತ ಬದಲಿಸುತ್ತಿರಬಹುದು. ಹಾಗೆಂದು ಅದೊಂದೇ ದಾರಿಯಲ್ಲ. ನಿನ್ನ ಸೀಟಿನ ಮೂತಿ ಕೆಳಗೆ ವಾಲಿದ್ದರೆ ದೇಹದ ಭಾರವೆಲ್ಲ ಕೈಗೆ ಬರುತ್ತದೆ, ಮೊದಲು ಅದನ್ನು ಸಮತಟ್ಟು ಮಾಡು. ಆಮೇಲೆ ಅಂಗೈಗೆ ಅಗಲ ಆಸರೆ ಕೊಡುವ ಹಿಡಿಕೆ ಮತ್ತು ಒಂದು ಜೊತೆ ಬಾರ್-ಎಂಡ್ (ಹ್ಯಾಂಡಲ್ಲಿನ ತುದಿಗೆ ಸೇರಿಸುವ ಕೊಂಬಿನಂಥ ಹಿಡಿಕೆ) ಹಾಕಿಸು. ಇದರಲ್ಲಿ ಬ್ರೇಕನ್ನು ಮುಟ್ಟುವ ಅಗತ್ಯವೇ ಇಲ್ಲ.

ಭಾವ: ಹಾಗಾದರೆ ಡ್ರಾಪ್ ಹ್ಯಾಂಡಲ್ ಸಾಧ್ಯವೇ ಇಲ್ಲ ಎನ್ನುತ್ತೀಯಾ?

ನಾನು: ಸಾಧ್ಯವಿದೆ ಭಾವ, ಅದು ಒಂದು ಕೊಳವೆಯ ಖರ್ಚಲ್ಲ ಎನ್ನುತ್ತಿದ್ದೇನೆ. ವಿ-ಬ್ರೇಕಿಗೆಂದೇ ಹೆಚ್ಚು ಕೇಬಲ್ ಎಳೆಯುವ ಡ್ರಾಪ್ ಲಿವರುಗಳಿವೆ, ಟೆಕ್ಟ್ರೋ ಆರ್‌ಎಲ್520 ಅಂಥದ್ದು, ಆದರೆ ಅದರಲ್ಲಿ ಗೇರ್ ಶಿಫ್ಟರ್ ಇಲ್ಲ. ಬ್ರೇಕ್, ಗೇರ್ ಒಟ್ಟಿಗೆ ಇರುವ ಶಿಮಾನೊ ಕ್ಲಾರಿಸ್ ಲಿವರ್ ಹಾಕಿದರೆ ಹಿಂದಿನ 8 ಗೇರ್ ಹೊಂದುತ್ತದೆ, ಮುಂದಿನ ಡಿರೇಲರಿಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮಾತ್ರ ಬೇರೆ ಅಳತೆಯ ಕೇಬಲ್ ಎಳೆತ ಬೇಕು, ಅದನ್ನು ಬದಲಿಸಬೇಕು. ಬ್ರೇಕಿಗೆ ಗಿಡ್ಡ ತೋಳಿನ ಮಿನಿ-ವಿ ಬೇಕು. ಹೈಬ್ರಿಡ್ ಫ್ರೇಮ್ ನೇರ ಹ್ಯಾಂಡಲ್ಲಿಗೆಂದೇ ಉದ್ದವಾಗಿರುತ್ತದೆ, ಡ್ರಾಪ್ ಹ್ಯಾಂಡಲ್ ಅದರ ಮೇಲೆ ಇನ್ನೂ 70-80 ಮಿ.ಮೀ. ಮುಂದಕ್ಕೆ ಚಾಚುತ್ತದೆ, ಆದ್ದರಿಂದ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಕೂಡ ಬೇಕಾಗುತ್ತದೆ. ಇವೆಲ್ಲದರ ಬೆಲೆಯನ್ನು ಕೂಡಿಸಿ ನೋಡಿ, ಆಮೇಲೆ ಬಳಸಿದ ರೋಡ್ ಬೈಕಿನ ಬೆಲೆಯನ್ನೂ ವಿಚಾರಿಸಿ. ನನ್ನನ್ನು ಕೇಳಿದರೆ ಎರಡನೆಯದೇ ಮೇಲು.

ದೊಡ್ಡಪ್ಪ: ಬಾರ್-ಎಂಡ್ ಎಂಬುದರಿಂದ ಬೆನ್ನು ಬಾಗುವುದಿಲ್ಲ ತಾನೆ?

ಪುಟ್ಟ: ಇಲ್ಲ ದೊಡ್ಡತಾತ. ಸೀಟಿನ ಮೂತಿ ನಿಜಕ್ಕೂ ಕೆಳಗೆ ವಾಲಿದೆ, ಈಗಷ್ಟೇ ನೋಡಿದೆ. ಸರಿ ಮಾಡಿ ನಾಳೆ ಬೆಳಿಗ್ಗೆ ನಂದಿ ಕಡೆಗೆ ಹೋಗಿ ಬಂದು ತಿಳಿಸುತ್ತೇನೆ.

ನಾನು: ಭಾವ, ಇದನ್ನು ಬೇರೆ ಯಾವ ಗುಂಪಿಗೆ ಕಳುಹಿಸಿದ್ದೀರಿ?

ಭಾವ: ಅಪಾರ್ಟ್‌ಮೆಂಟಿನ ಗುಂಪಿಗೆ ಮಾತ್ರ. ಇಬ್ಬರು ಮಕ್ಕಳ ಸೈಕಲ್ಲಿಗೆ ಹಾಕಿಸುವುದಾಗಿ ಹೇಳಿದ್ದಾರೆ.

ನಾನು: ಹಾಗಾದರೆ ಅಲ್ಲಿಯೂ ಇದನ್ನು ಹಾಕಿ: "ಹಳೆಯ ಬ್ರೇಕ್ ಹಾಗೆಯೇ ಕೂರುತ್ತದೆ ಎಂಬುದು ತಪ್ಪು. ಬ್ರೇಕಿಗೆ ಹೊಂದುವ ಲಿವರ್ ಸಿಗದೆ ಹ್ಯಾಂಡಲ್ ಬದಲಿಸಬೇಡಿ. ಹೈಡ್ರಾಲಿಕ್ (ದ್ರವದ ಒತ್ತಡದ) ಡಿಸ್ಕ್ ಬ್ರೇಕ್ ಇದ್ದರೆ ಅದರ ಲಿವರ್ ಬೇರೆಯೇ ಬರುತ್ತದೆ, ಕೇಬಲ್ ಡಿಸ್ಕ್ ಇದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ರೋಡ್ ಲಿವರಿಗೆ ಹೊಂದುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ."

ಭಾವ: ನಾಳೆ ಹಾಕುತ್ತೇನೆ.

ಅತ್ತಿಗೆ: ನಾಳೆ ಭಾನುವಾರ, ಸೈಕಲ್ ಅಂಗಡಿಗೆ ಹೋಗುವುದೇ ಅಂದು. ಈಗಲೇ ಹಾಕಿ, ಭಾವ.

ಭಾವ: ಹಾಕಿದೆ. ನಿಮ್ಮ ಹೆಸರನ್ನೂ ಸೇರಿಸಿದ್ದೇನೆ, ಆಧಾರ ಕೇಳಿದರೆ ನೀವೇ ಉತ್ತರಿಸಿ.