ಎಸ್ಟೀಮ್ ಟ್ರ್ಯಾಕ್ ಕಾರಿಗೆ ಮನೆ ಗ್ಯಾರೇಜಲ್ಲೇ ರೋಲ್ ಕೇಜ್: ಪೈಪ್, ಬೆಂಡಿಂಗ್, ವೆಲ್ಡಿಂಗ್ ಬಗ್ಗೆ ಸಲಹೆ ಬೇಕು (ಪುಣೆ)

ವಾಕಡ್_ಗ್ಯಾರೇಜ್:

ಎಲ್ಲರಿಗೂ ನಮಸ್ಕಾರ. ಗಾಡಿ ಮಾರುತಿ ಎಸ್ಟೀಮ್, 1.3 ಲೀಟರ್. ಉರುಳಿದ್ರೂ ಒಳಗಿದ್ದವರು ಉಳಿಯೋ ಹಾಗೆ ಒಳಗೆ ಉಕ್ಕಿನ ಕೊಳವೆಗಳ ಪಂಜರ, ಅಂದ್ರೆ ರೋಲ್ ಕೇಜ್, ಮಾಡಬೇಕು. ರಸ್ತೆಗೆ ಇಳಿಸೋದಿಲ್ಲ, ಟ್ರ್ಯಾಕಿಗೆ ಮಾತ್ರ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ, ಆಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಒಯ್ಯೋ ಯೋಚನೆ. ಮುಂದೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡಾ ಒಕ್ಕೂಟ) ಸ್ಪರ್ಧೆಗೆ ಹೋದರೂ ತಪಾಸಣೆಯಲ್ಲಿ ಪಾಸಾಗೋ ಹಾಗಿರಬೇಕು. ಸೀಟು, ಕಾರ್ಪೆಟ್, ಡೋರ್ ಟ್ರಿಮ್ ಎಲ್ಲ ತೆಗೆದಾಗಿದೆ. ಜಾಗ ಅಂದ್ರೆ ವಾಕಡ್‌ನಲ್ಲಿ ಮನೆ ಕೆಳಗಿನ ಒಂದು ಕಾರಿನ ಗ್ಯಾರೇಜ್, ಸಿಂಗಲ್ ಫೇಸ್ ಕರೆಂಟು, 200 ಆಂಪ್‌ನ ಮಿಗ್ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಇದೆ.

ಪೈಪ್ ಅಂಗಡಿಯವರು ‘ಒಂದೂವರೆ ಇಂಚು ಸಿ ಕ್ಲಾಸ್ ಹಾಕಿ, ಆನೆ ಹತ್ತಿದ್ರೂ ಬಗ್ಗಲ್ಲ’ ಅಂತಾರೆ. ಅದು ಸಾಕಾ? ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರ್ ಬಾಡಿಗೆಗೆ ಸಿಗುತ್ತೆ, ಅದರಲ್ಲಿ ಬಗ್ಗಿಸಬಹುದಾ? ಕೇಜನ್ನ ಬೋಲ್ಟ್ ಹಾಕಿ ಕೂರಿಸೋದಾ, ವೆಲ್ಡ್ ಮಾಡೋದಾ?

ಭೋಸರಿ_ಬೆಂಡರ್:

ಮೊದಲ ಆ ಸಿ ಕ್ಲಾಸ್ ಬಿಡ್ರಿ ಸರ್, ಅದು ನೀರಿನ ಪೈಪ್. ಅಂಗಡ್ಯಾಗ ‘ಒಂದೂವರಿ ಇಂಚು’ ಅಂದ್ರ ಕೊಡೋದು 40 ಎನ್‌ಬಿ, ಅಂದ್ರ ಒಳವ್ಯಾಸ ಸುಮಾರು 40 ಮಿ.ಮೀ. ಅಂತ ಹೆಸರಿಟ್ಟ ಪೈಪ್. ಅದರ ಹೊರಗಿನ ವ್ಯಾಸ 48.3 ಮಿ.ಮೀ., ಸಿ ಕ್ಲಾಸಿನ ದಪ್ಪ 4 ಮಿ.ಮೀ., ಮೀಟರಿಗೆ 4.37 ಕೆ.ಜಿ. ತೂಕ. ಭಾರ ಮಾತ್ರ ಹೆಚ್ಚು, ಉಕ್ಕು ಯಾವುದಂತ ಯಾರಿಗೂ ಗೊತ್ತಿರೂದಿಲ್ಲ. ಉದ್ದಕ್ಕೂ ಸೀಮ್ (ಬೆಸೆದ ಜೋಡು) ಇರ್ತದ. ಬಗ್ಗಿಸುವಾಗ ಸೀಮ್ ಹೊರಮೈಗೆ ಬಂತಂದ್ರ ಅಲ್ಲೇ ಬಿರೀತದ. ಜಿಐ, ಅಂದ್ರ ಸತುವಿನ ಲೇಪ ಇದ್ದ ಪೈಪ್ ಆದ್ರಂತೂ ಕೇಳೂದ ಬ್ಯಾಡ. ಸತುವಿನ ಹೊಗಿ ಕುಡಿದು ರಾತ್ರಿ ಚಳಿಜ್ವರ ಬರ್ತದ, ವೆಲ್ಡಿನಾಗೂ ತೂತು ಬೀಳ್ತಾವ.

ನೀವು ಕೇಳಬೇಕಾದ್ದು ಸಿಡಿಎಸ್, ಅಂದ್ರ ಕೋಲ್ಡ್ ಡ್ರಾನ್ ಸೀಮ್‌ಲೆಸ್. ಅದನ್ನ ಹೊರವ್ಯಾಸದ ಲೆಕ್ಕದಾಗ ಕೇಳ್ರಿ. ಎಫ್‌ಐಎ (ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ) ನಿಯಮದ ಅಪೆಂಡಿಕ್ಸ್ ಜೆ, 253ನೇ ಕಲಮಿನ ಪ್ರಕಾರ ಮೇನ್ ಹೂಪಿಗೆ (ಸೀಟಿನ ಹಿಂದ ಅಡ್ಡ ನಿಲ್ಲೋ ದೊಡ್ಡ ಕಮಾನು) ಹೊರವ್ಯಾಸ × ದಪ್ಪ, ಮಿ.ಮೀ. ಲೆಕ್ಕದಾಗ, 45 × 2.5 ಇಲ್ಲಾ 50 × 2.0, ಉಳಿದ ಕೊಳವಿಗೆ 38 × 2.5 ಇಲ್ಲಾ 40 × 2.0. ಇಂಗಾಲ 0.3% ದಾಟಬಾರದು, ಟೆನ್ಸೈಲ್ (ಎಳೆತ ತಡಿಯೋ ಬಲ) ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್ ಇರಬೇಕು. ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ತಗೋಬ್ಯಾಡ್ರಿ. ಸರ್ಟಿಫಿಕೇಟಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿಂದು) ಕೊಳವಿ ಮ್ಯಾಲಿನ ನಂಬರಿಗೆ ಕೂಡತದೇನು ನೋಡ್ರಿ. ವರ್ನಿಯರ್ ಒಯ್ದು ಎರಡೂ ತುದಿಗೆ ಸುತ್ತ ನಾಕು ಕಡೆ ದಪ್ಪ ಅಳೀರಿ. ಒಂದು ಬದಿ 2.7, ಎದುರಿನ ಬದಿ 2.2 ಬಂದ್ರ ಅದು ಬ್ಯಾಡ.

ಎಸ್ಟೀಮಿನ ಅಳತಿಗೆ 45ರದು 6 ಮೀಟರಿನ ಒಂದು ಕೊಳವಿ, 38ರದು ನಾಕು, ಕೈತಪ್ಪಿಗೆ ಅಂತ ಇನ್ನೊಂದು. 45 × 2.5 ಮೀಟರಿಗೆ 2.6 ಕೆ.ಜಿ., 38 × 2.5 ಮೀಟರಿಗೆ 2.2 ಕೆ.ಜಿ. ಪ್ಲೇಟ್, ಗಸೆಟ್ (ಜೋಡು ಬಿಗಿಯೋ ತಗಡು) ಸೇರಿ ಕೇಜ್ 55ರಿಂದ 60 ಕೆ.ಜಿ. ಒಳಗ ಮುಗೀಬೇಕು.

ಪ್ಲಂಬರ್ ಬೆಂಡರ್ ಮುಟ್ಟಬ್ಯಾಡ್ರಿ. ಅದು ಎರಡು ಕಡೆ ಆನಿಸಿ ನಡುವ ಒತ್ತತದ, ಒಳಮೈ ಸುಕ್ಕು ಬೀಳತದ. ಬೇಕಾದ್ದು ರೋಟರಿ ಡ್ರಾ ಬೆಂಡರ್ (ಕೊಳವಿನ ಅಚ್ಚಿನ ಸುತ್ತ ಎಳದು ಬಗ್ಗಸೋದು), ಕೊಳವಿ ಒಳಗ ಆಸರಿ ಕೊಡೋ ಮ್ಯಾಂಡ್ರಲ್ ಇದ್ರ ಇನ್ನೂ ಚಲೋ. ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ) ಒಳಗ ಸೈಲೆನ್ಸರ್ ಪೈಪ್, ಫರ್ನಿಚರ್ ಪೈಪ್ ಬಗ್ಗಿಸೋರು ಸಿಗ್ತಾರ. ಆದ್ರ ಫರ್ನಿಚರ್‌ನವರ ಮಷಿನ್ ಒಂದು ಮಿ.ಮೀ. ದಪ್ಪಕ್ಕ ಹೊಂದಿಸಿದ್ದು, ಎರಡೂವರಿ ಎಳೀತದೇನಂತ ಕೇಳಬೇಕು. ಬೆಂಡಿನ ತ್ರಿಜ್ಯ ಕೊಳವಿಯ ನಡುಗೆರಿಯಿಂದ ಅಳದ್ರ ವ್ಯಾಸದ ಮೂರು ಪಟ್ಟಿಗೆ ಕಮ್ಮಿ ಇರಬಾರದು: 45ಕ್ಕ 135 ಮಿ.ಮೀ., 38ಕ್ಕ 114. ಅದಕ್ಕ ಮೊದಲ ಬೆಂಡಿಂಗ್ ಅಂಗಡ್ಯಾಗ ಯಾವ ಡೈ (ಬಗ್ಗಿಸೋ ಅಚ್ಚು) ಅದಾವ ಕೇಳಿ, ಆಮ್ಯಾಲ ಪೈಪ್ ಖರೀದಿ ಮಾಡ್ರಿ. ಹೆಚ್ಚಿನವ್ರು ಉಲ್ಟಾ ಮಾಡ್ತಾರ. 48.3ರ ಡೈನಾಗ 45ರ ಕೊಳವಿ ಇಟ್ರ ಅಪ್ಪಚ್ಚಿ ಆಗ್ತದ. ಬಗ್ಗಿಸಿದ ಮ್ಯಾಲ ಬೆಂಡಿನ ಸಣ್ಣ ವ್ಯಾಸ ಭಾಗಿಸು ದೊಡ್ಡ ವ್ಯಾಸ 0.9ಕ್ಕಿಂತ ಕಮ್ಮಿ ಬರಬಾರದು. ದೊಡ್ಡದು 46 ಇದ್ದು ಸಣ್ಣದು 41 ಬಂತಂದ್ರ ಆ ಹೂಪ್ ಗುಜರಿಗೆ.

ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಸ್ತೀವಿ ಅನ್ನೋ ಅಂಗಡಿಯಿಂದ ಸೀದಾ ಹೊರಗ ಬರ್ರಿ. ಮೇನ್ ಹೂಪ್ ಒಂದೇ ಕೊಳವಿದು, ನಡುವ ಜೋಡು ಇರಬಾರದು, ತಣ್ಣಗೇ ಬಗ್ಗಿಸಬೇಕು. 6 ಮಿ.ಮೀ. ಸರಳಿನಿಂದ ಬಿ-ಪಿಲ್ಲರಿಗೆ (ಎರಡು ಬಾಗಲಾ ನಡುವಿನ ಕಂಬ) ಕೂಡೋ ಮಾದರಿ ಮಾಡಿ ಒಯ್ರಿ. ಎರಡು ಡಿಗ್ರಿ ಕಮ್ಮಿ ಬಗ್ಗಿದ್ದನ್ನ ಇನ್ನಷ್ಟು ಬಗ್ಗಿಸಬಹುದು, ಹೆಚ್ಚಾದ್ದು ಹಿಂದಕ್ಕ ಬರೂದಿಲ್ಲ.

ಡೊಂಬಿವಲಿ_ಡಯಾಗನಲ್:

ಪೈಪಿನ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ. ಆದ್ರೆ ಮಾದರಿ ಮಾಡೋಕೂ ಮುಂಚೆ ಸೀಟು ಕೂರಿಸಿ. ಎಲ್ಲರೂ ಕೇಜ್ ಮುಗಿಸಿ ಸೀಟು ಇಡೋಕೆ ಹೋಗ್ತಾರೆ, ಆಗ ಹೆಲ್ಮೆಟ್ ಪೈಪಿಗೆ ತಾಗುತ್ತೆ. ಸೀಟು ಅದರ ನಿಜವಾದ ಬ್ರಾಕೆಟ್ ಮೇಲೆ, ಸ್ಟೀರಿಂಗ್, ಪೆಡಲ್ ಅಂತರ ಹೊಂದಿಸಿ, ಹೆಲ್ಮೆಟ್ ಹಾಕ್ಕೊಂಡು, ಬೆಲ್ಟ್ ಬಿಗಿದು ಕೂತು ಅಳತೆ ತಗೊಳ್ಳಿ. ಸೀಟಿಗೆ ನಾಲ್ಕು ಕಡೆ ಎಂ8 (8 ಮಿ.ಮೀ.) ಬೋಲ್ಟ್ ಬೇಕು. ಪ್ರತಿ ಮೌಂಟಿನ ಕೆಳಗೂ 3 ಮಿ.ಮೀ. ದಪ್ಪದ, 40 ಚದರ ಸೆಂ.ಮೀ. ಪ್ಲೇಟ್ ಇರಲಿ.

ಸೀಟು ಗಟ್ಟಿಯಾದ ಮೇಲಷ್ಟೇ ಹಾರ್ನೆಸ್ ಬಾರಿನ (ಭುಜದ ಬೆಲ್ಟ್ ಕಟ್ಟೋ ಅಡ್ಡ ಪೈಪ್) ಎತ್ತರ ಗೊತ್ತಾಗೋದು. ಭುಜದ ಪಟ್ಟಿ ಸೀಟಿನ ಮೇಲಂಚಿನಿಂದ ಹಿಂದಕ್ಕೆ ಇಳಿಯೋ ಕೋನ 45 ಡಿಗ್ರಿ ದಾಟಬಾರದು, 10ರ ಒಳಗಿದ್ರೆ ಒಳ್ಳೇದು. ಹಿಂದಿನ ನೆಲಕ್ಕೆ ಬೋಲ್ಟ್ ಹಾಕೋ ಅಭ್ಯಾಸ ಇದೆಯಲ್ಲ, ಅದು ಬಹಳ ಅಪಾಯ. ಗುದ್ದಿದಾಗ ಪಟ್ಟಿ ಭುಜವನ್ನ ಕೆಳಕ್ಕೆ ಜಗ್ಗುತ್ತೆ, ಆ ಹೊರೆ ಪೂರ್ತಿ ಬೆನ್ನುಮೂಳೆ ಮೇಲೆ ಬೀಳುತ್ತೆ.

ಆಕಾರದ ಬಗ್ಗೆ: ಮೇನ್ ಹೂಪಿನಿಂದ ಹಿಂದಕ್ಕೆ ಇಳಿಯೋ ಎರಡು ಆಸರೆ ಪೈಪ್, ಅಂದ್ರೆ ಬ್ಯಾಕ್‌ಸ್ಟೇ, ನೆಟ್ಟಗಿರಬೇಕು, ಎಲ್ಲೂ ಬಗ್ಗಿರಬಾರದು, ಲಂಬದಿಂದ ಕನಿಷ್ಠ 30 ಡಿಗ್ರಿ ಓರೆ ಇರಬೇಕು. ಎಸ್ಟೀಮ್ ಸೆಡಾನ್ ಆದ್ದರಿಂದ ಅವು ಹಿಂದಿನ ಪಾರ್ಸೆಲ್ ಟ್ರೇ ತೂರಿಕೊಂಡು ವೀಲ್ ಆರ್ಚ್ ಹತ್ತಿರ ಇಳಿಯುತ್ತವೆ, ಟ್ರೇ ಕತ್ತರಿಸಬೇಕಾಗುತ್ತೆ. ಮೇನ್ ಹೂಪಿನ ಡಯಾಗನಲ್ (ಮೂಲೆಯಿಂದ ಮೂಲೆಗೆ ಹೋಗೋ ಓರೆ ಪೈಪ್) ಮೇಲ್ತುದಿ ಬ್ಯಾಕ್‌ಸ್ಟೇ ಕೂಡೋ ಜಾಗದಿಂದ 100 ಮಿ.ಮೀ. ಒಳಗೆ, ಕೆಳತುದಿ ಪಾದದಿಂದ 100 ಮಿ.ಮೀ. ಒಳಗೆ. ಇದನ್ನ ಸಡಿಲ ಬಿಟ್ರೆ ಹೂಪ್ ಓರೆಯಾಗಿ ಮಡಚಿಕೊಳ್ಳುತ್ತೆ. ಡೋರ್ ಬಾರ್ (ಬಾಗಿಲಿನ ಪಕ್ಕದ ಅಡ್ಡ ಪೈಪ್) ಎರಡೂ ಬದಿ ಹಾಕಿ, ಪಕ್ಕದ ಸೀಟು ಇಲ್ಲದಿದ್ರೂ.

ಬೋಲ್ಟ್‌-ಇನ್‌ಗೂ ನಿಯಮದಲ್ಲಿ ಜಾಗ ಇದೆ: ಪಾದಕ್ಕೆ ಕನಿಷ್ಠ ಮೂರು ಎಂ8 ಬೋಲ್ಟ್, 8.8 ಗ್ರೇಡ್. ಒಂದೇ ಕಾರಿನ ಗ್ಯಾರೇಜಲ್ಲಿ ಕೇಜನ್ನ ಬಿಚ್ಚಿ ಹೊರಗೆ ತಂದು ಬಣ್ಣ ಹೊಡೀಬಹುದು ಅನ್ನೋ ಲಾಭವೂ ಇದೆ. ಆದ್ರೂ ನಾನು ಹೇಳೋದು ವೆಲ್ಡ್ ಮಾಡಿ ಅಂತ. ಹಳೇ ಎಸ್ಟೀಮ್ ಬಾಡಿ ಜೋಳಿಗೆ ಥರ ಜೋತಾಡುತ್ತೆ, ಎ-ಪಿಲ್ಲರಿಗೂ (ಮುಂದಿನ ಗಾಜಿನ ಪಕ್ಕದ ಕಂಬ) ಬಿ-ಪಿಲ್ಲರಿಗೂ ಗಸೆಟ್ ಹಾಕಿ ಕೇಜನ್ನ ಕೂಡಿಸಿದ್ರೆ ಬಾಡಿ ಬಿಗಿಯಾಗುತ್ತೆ, ಸಸ್ಪೆನ್ಷನ್ ಸೆಟಪ್‌ಗೆ ಅರ್ಥ ಬರುತ್ತೆ.

ವಾಕಡ್_ಗ್ಯಾರೇಜ್:

ಇಬ್ಬರಿಗೂ ಧನ್ಯವಾದ. ಸರಿ, ವೆಲ್ಡ್ ಅಂತಲೇ ಇಟ್ಕೊಳ್ಳೋಣ. ಎರಡು ಗೊಂದಲ ಉಳಿದಿದೆ. ನೆಲದ ತಗಡು ಒಂದು ಮಿ.ಮೀ. ಕೂಡ ಇಲ್ಲ, 3 ಮಿ.ಮೀ. ಪ್ಲೇಟನ್ನ ಅದಕ್ಕೆ ತೂತು ಬೀಳದ ಹಾಗೆ ಹಚ್ಚೋದು ಹೇಗೆ? ಇನ್ನೊಂದು, ಹೂಪ್ ಛಾವಣಿಗೆ ಅಂಟಿಕೊಂಡು ನಿಂತಾಗ ಮೇಲಿನ ಜೋಡುಗಳ ಮೇಲ್ಬದಿಗೆ ಟಾರ್ಚ್ ಹೋಗೋದೇ ಇಲ್ಲ. ಆ ಭಾಗ ಬಿಟ್ಟರೆ ನಡೆಯುತ್ತಾ? ಕ್ರೋಮೋಲಿ (ಕ್ರೋಮಿಯಂ-ಮಾಲಿಬ್ಡಿನಂ ಸೇರಿದ ಉಕ್ಕು) ಹಾಕಿದ್ರೆ ತೂಕ ಉಳಿಯುತ್ತೆ ಅಂತಾನೂ ಕೇಳಿದ್ದೆ.

ಭೋಸರಿ_ಬೆಂಡರ್:

ಬಿಟ್ರ ನಡಿಯೂದಿಲ್ಲ. ಪ್ರತಿ ಜೋಡು ಸುತ್ತ 360 ಡಿಗ್ರಿ ವೆಲ್ಡ್ ಆಗಬೇಕು. ತಪಾಸಣಿಯವ್ರು ಸಣ್ಣ ಕನ್ನಡಿ ಹಿಡದು ಛಾವಣಿ ಸಂದಿಯಾಗ ಅದನ್ನ ನೋಡ್ತಾರ.

ಉಪಾಯ ಹಿಂಗದ. ಪಾದದ ಜಾಗಕ್ಕ ಪ್ಲೇಟ್ ಮ್ಯಾಲ ಸೀದಾ ಕೊಳವಿ ನಿಲ್ಲಿಸಬ್ಯಾಡ್ರಿ, 70-80 ಮಿ.ಮೀ. ಎತ್ತರದ ಡಬ್ಬಿ ಮಾಡ್ರಿ, 3 ಮಿ.ಮೀ. ತಗಡಿಂದು. ಡಬ್ಬಿ ಇನ್ನೂ ಹಚ್ಚದ, ಅಡಿಗೆ ಮರದ ತುಂಡು ಇಟ್ಟು ಕೇಜನ್ನ ಅದರ ಜಾಗದಾಗ ನಿಲ್ಲಿಸಿ ಛಾವಣಿ ಕಡೆಯ ಎಲ್ಲಾ ಜೋಡು ಟ್ಯಾಕ್ (ಚುಕ್ಕಿ ವೆಲ್ಡ್) ಮಾಡ್ರಿ. ಆಮ್ಯಾಲ ಮರದ ತುಂಡು ತಗದ್ರ ಇಡೀ ಕೇಜ್ ಅಷ್ಟು ಕೆಳಗ ಇಳೀತದ, ಛಾವಣಿ ಕಡೆ ಕೈ ಹೋಗೋ ಸಂದಿ ಸಿಗ್ತದ. ಮ್ಯಾಲಿನ ವೆಲ್ಡ್ ಪೂರ್ತಿ ಮುಗಿಸಿ, ಬಣ್ಣಾನೂ ಹೊಡದು, ಜ್ಯಾಕ್ ಕೊಟ್ಟು ಮ್ಯಾಲೆತ್ತಿ ಪಾದದ ಅಡಿಗೆ ಡಬ್ಬಿ ತೂರಿಸಿ ಕೂಡಿಸ್ರಿ. ಬ್ಯಾಕ್‌ಸ್ಟೇ, ಡೋರ್ ಬಾರ್ ಹಚ್ಚೋದು ಕೇಜ್ ಎತ್ತಿದ ಮ್ಯಾಲ. ಮೊದಲ ಹಚ್ಚಿದ್ರ ಕೇಜ್ ಇಳಿಯೂದಿಲ್ಲ.

ತೆಳು ತಗಡಿನ ಮಾತು. ಪ್ಲೇಟ್ ಕನಿಷ್ಠ 120 ಚದರ ಸೆಂ.ಮೀ., ಅಂದ್ರ 10 × 12. ಬರೇ ನೆಲದ ಮ್ಯಾಲ ಚಪ್ಪಟೆ ಇಡಬ್ಯಾಡ್ರಿ. ಉರುಳಿದಾಗ ಪಾದ ನೆಲ ಹರ್ಕೊಂಡು ಕೆಳಗ ಹೋಗ್ತದ. ಎಲ್ ಆಕಾರಕ್ಕ ಬಗ್ಗಿಸಿ ಅರ್ಧ ನೆಲಕ್ಕ, ಅರ್ಧ ಸಿಲ್ಲಿನ (ಬಾಗಲಾ ಕೆಳಗಿನ ಉದ್ದನ ತೊಲಿ) ನಿಂತ ಗೋಡಿಗೆ ಹಚ್ರಿ. ಆಗ ಭಾರ ಸಿಲ್ ಹೊರತದ. ಮೂಲಿ ದುಂಡಗ ಮಾಡ್ರಿ, ಚೂಪ ಮೂಲಿಯಿಂದಾನೇ ತಗಡು ಹರಿಯೂದು. ಪ್ಲೇಟಿನಾಗ ನಾಕೈದು 8 ಮಿ.ಮೀ. ತೂತು ಕೊರದು ಪ್ಲಗ್ ವೆಲ್ಡ್ (ತೂತು ತುಂಬಿ ತಗಡಿಗೆ ಬೆಸೆಯೋದು) ಹಾಕ್ರಿ, ಅಂಚಿಗೆ 20-25 ಮಿ.ಮೀ. ತುಂಡು ತುಂಡಾಗಿ ಹೊಲಿಗಿ, ಎದುರುಬದುರು ಬದಿಗೆ, ಕೈ ಮುಟ್ಟೋವಷ್ಟು ಆರಿದ ಮ್ಯಾಲ ಮುಂದಿಂದು. ಆರ್ಕ್ ಪ್ಲೇಟಿನ ಮ್ಯಾಲ ಹಿಡದು ಕರಗಿದ್ದನ್ನ ತಗಡಿಗೆ ಹರಿಸಬೇಕು. ತೂತು ಬಿತ್ತಂದ್ರ ಕೆಳಗ ತಾಮ್ರದ ಪಟ್ಟಿ ಒತ್ತಿ ಹಿಡೀರಿ. ತಗಡಿನ ಕೆಳಗಿನ ಡಾಂಬರ್ ಕೋಟಿಂಗ್ ಪೂರಾ ಕೆರೀರಿ, ಇಲ್ಲಂದ್ರ ಬೆಂಕಿ ಹತ್ತತದ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಇಸಿಎಂ (ಎಂಜಿನ್ ಕಂಪ್ಯೂಟರ್) ಗಾಡಿಯಿಂದ ಹೊರಗ. ಗಾಜು ತಗೀಲಿಕ್ಕೆ ಆಗದಿದ್ರ ಒದ್ದಿ ಕಂಬಳಿ ಹೊಚ್ರಿ, ಕಿಡಿ ಗಾಜಿನಾಗ ಕೂತು ಚುಕ್ಕಿ ಬೀಳ್ತಾವ.

ಮಷಿನಿಗೆ: 0.8ರ ಇಆರ್70ಎಸ್-6 ವೈರ್, 80/20 ಆರ್ಗಾನ್-ಸಿಒ2, ನಿಮಿಷಕ್ಕ 10-12 ಲೀಟರ್, 2.5ರ ಕೊಳವಿಗೆ ಸುಮಾರು 100 ಆಂಪ್. ಗ್ಯಾಸಿಲ್ಲದ ಫ್ಲಕ್ಸ್ ವೈರ್ ಈ ಕೆಲಸಕ್ಕಲ್ಲ. ಫ್ಯಾನ್ ಗಾಳಿ ಜೋಡಿನ ಮ್ಯಾಲ ಬಂದ್ರ ಗ್ಯಾಸ್ ಹಾರಿ ವೆಲ್ಡ್ ಜಾಲರಿ ಆಗ್ತದ. 16 ಆಂಪ್ ಸಾಕೆಟ್ ನಡೀತದ, ಎಕ್ಸ್‌ಟೆನ್ಷನ್ ವೈರ್ 4 ಚದರ ಮಿ.ಮೀ. ಇರಲಿ, ಸುರುಳಿ ಬಿಚ್ಚಿ ಹಾಸ್ರಿ.

ಕೊಳವಿ ತುದಿಯನ್ನ, ಅದು ಯಾವ ಕೊಳವಿಗೆ ಕೂಡತದೋ ಆ ವ್ಯಾಸದ ಹೋಲ್ ಸಾದಿಂದ (ದುಂಡನ ಗರಗಸ), ಮೀನಬಾಯಿ ಹಂಗ ಕತ್ತರಿಸಿ, ಸಂದಿ ಒಂದು ಮಿ.ಮೀ. ಒಳಗ ಬರೂತನಕ ಕೆರೀರಿ. ದೊಡ್ಡ ಸಂದಿ ವೈರಿನಿಂದ ತುಂಬಿದ್ದು ಹೊರಗ ಚಂದ ಕಾಣತದ, ಒಳಗ ಏನೂ ಇರೂದಿಲ್ಲ. ಮೊದಲ ಚೂರು ಕೊಳವಿಗಳಿಂದ ಟಿ-ಜೋಡು ಮಾಡಿ, ನಡುವ ಕತ್ತರಿಸಿ, ಪಾಲಿಶ್ ಪೇಪರ್ ಹಚ್ಚಿ, ಪಿಸಿಬಿ ಕೆಲಸದ ಫೆರಿಕ್ ಕ್ಲೋರೈಡ್ ಸವರಿ ನೋಡ್ರಿ. ವೆಲ್ಡ್ ಎಷ್ಟು ಆಳಕ್ಕ ಹೋಗೇದ ಅಂತ ಗೆರಿ ಕೊರದಂಗ ಕಾಣತದ. ಕೇಜಿನ ಮ್ಯಾಲಿನ ವೆಲ್ಡನ್ನ ಗ್ರೈಂಡರ್ ಹಚ್ಚಿ ನುಣುಪ ಮಾತ್ರ ಮಾಡಬ್ಯಾಡ್ರಿ.

ಒಂದೇ ಬದಿ ಮುಗಿಸಿಬಿಟ್ರ ಬಾಡಿ ಎಳ್ಕೋತದ, ಬಾಗಲಾ ಕೂಡೂದಿಲ್ಲ. ಬಾಗಲಾ ಹಾಕಿಟ್ಟೇ ಎಡಕ್ಕೊಂದು ಬಲಕ್ಕೊಂದು ವೆಲ್ಡ್ ಮಾಡ್ರಿ. ಕ್ರೋಮೋಲಿಗೆ ಟಿಗ್ ವೆಲ್ಡಿಂಗ್ ಬೇಕು, ಬಿಸಿ-ಆರುವಿಕೆ ಲೆಕ್ಕ ತಪ್ಪಿದ್ರ ಜೋಡಿನ ಪಕ್ಕದಾಗ ಚಿಟ್ ಅಂತ ಬಿರೀತದ. ಮನಿ ಗ್ಯಾರೇಜಿಗೆ ಬ್ಯಾಡ.

ವಾಸ್ಕೋ_ವೆಲ್ಡ್:

ಒಂದು ಮಾತು ಸೇರಿಸ್ತೇನೆ. ಪ್ಲೇಟ್ ಹಚ್ಚುವ ಮುಂಚೆ ಸಿಲ್ಲನ್ನು ಸ್ಕ್ರೂಡ್ರೈವರಿಂದ ಕುಟ್ಟಿ ನೋಡಿ. ಹಳೇ ಎಸ್ಟೀಮಿನ ಸಿಲ್ ಒಳಗಿಂದ ತುಕ್ಕು ಹಿಡಿಯೋದು, ಹೊರಗೆ ಬಣ್ಣ ಚೆನ್ನಾಗಿಯೇ ಇರ್ತದೆ. ತುಕ್ಕು ತಗಡಿಗೆ ಹಚ್ಚಿದ ಪ್ಲೇಟು ಲೆಕ್ಕಕ್ಕಿಲ್ಲ, ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿ. ಪ್ಲೇಟಿನ ಅಡಿ ಬರುವ ಜಾಗಕ್ಕೆ ವೆಲ್ಡ್-ಥ್ರೂ ಪ್ರೈಮರ್, ಮುಗಿದ ಮೇಲೆ ಎಪಾಕ್ಸಿ ಪ್ರೈಮರ್, ಅಂಚಿಗೆ ಸೀಮ್ ಸೀಲರ್, ಸಿಲ್ ಒಳಕ್ಕೆ ಮೇಣದ ಸ್ಪ್ರೇ. ಮಳೆಗಾಲದಲ್ಲಿ ಬರಿ ಉಕ್ಕನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಕೆಂಪು. ಗೋವಾದಲ್ಲಂತೂ ಸಂಜೆಯೊಳಗೇ.

ಡೊಂಬಿವಲಿ_ಡಯಾಗನಲ್:

ಕಾನೂನಿನ ವಿಷಯ ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆ ಮಾಡಿದ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ. 182ಎ(4) ಪ್ರಕಾರ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಪೆಟ್ರೋಲ್ ಬಂಕ್ ತನಕ ತಾನೇ’ ಅಂತಲೂ ಬೇಡ. ದಂಡ ಬಿಡಿ, ಹೆಲ್ಮೆಟ್ ಇಲ್ಲದೆ ಕೇಜ್ ಇರೋ ಗಾಡಿ ಓಡಿಸಿದ್ರೆ ಸಣ್ಣ ಗುದ್ದಿಗೂ ತಲೆ ಪೈಪಿಗೆ ಬಡಿಯುತ್ತೆ. ಫ್ಲಾಟ್‌ಬೆಡ್‌ನಲ್ಲೇ ಹೋಗ್ಬೇಕು. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಕೊಯಮತ್ತೂರಿಗೆ ಸುಮಾರು 1,200 ಕಿ.ಮೀ., ಬಾಡಿಗೆಯನ್ನ ಬಜೆಟ್ಟಲ್ಲಿ ಮೊದಲೇ ಹಿಡೀರಿ. ಅಲ್ಲಿನ ಟ್ರ್ಯಾಕ್ ಬರೀ 2.1 ಕಿ.ಮೀ.

ಹೆಲ್ಮೆಟ್ ತಾಗಬಹುದಾದ ಪೈಪಿಗೆಲ್ಲ ಎಫ್‌ಐಎ 8857-2001 ಟೈಪ್ ಎ ಪ್ಯಾಡಿಂಗ್. ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಬೆರಳಲ್ಲಿ ಒತ್ತಿದ್ರೆ ಪೂರ್ತಿ ಕುಸಿಯುತ್ತೆ, ಬೆಂಕಿಯೂ ಹಿಡಿಯುತ್ತೆ. ಫೈರ್ ಎಕ್ಸ್‌ಟಿಂಗ್ವಿಷರ್, ಕ್ಯಾಮೆರಾ ಕೂರಿಸೋಕೆ ಕೇಜಿಗೆ ಡ್ರಿಲ್ ಹಾಕ್ಬೇಡಿ, ಕ್ಲ್ಯಾಂಪ್ ಬಳಸಿ. ಪೈಪಿನ ಒಳಗಿಂದ ವೈರ್ ಎಳೆಯೋದಕ್ಕೂ ನಿಯಮದಲ್ಲಿ ಅವಕಾಶ ಇಲ್ಲ.

ಪೈಪ್ ಕತ್ತರಿಸೋ ಮುಂಚೆ ನಾಲ್ಕು ಕಡೆಯಿಂದ ಅಳತೆ ಹಾಕಿದ ನಕ್ಷೆ ಬರೆದು, ಪೈಪಿನ ಸರ್ಟಿಫಿಕೇಟ್ ಜೊತೆ ಎಫ್‌ಎಂಎಸ್‌ಸಿಐ ತಪಾಸಕರಿಗೆ ತೋರಿಸಿ, ಆ ವರ್ಷದ ನಿಯಮಕ್ಕೆ ಹೊಂದುತ್ತಾ ಕೇಳಿ. ನಕ್ಷೆಯಲ್ಲಿ ಸೀಟು, ಹೆಲ್ಮೆಟ್ ಜಾಗ, ಹಾರ್ನೆಸ್ ಬಾರ್ ಎತ್ತರ ಮೂರೂ ಇರಲಿ. ಇಲ್ಲಿಗೂ ಹಾಕಿ, ಡಯಾಗನಲ್ ಕೋನ ನೋಡಿ ಹೇಳ್ತೀನಿ.