‘ನಿಯಂತ್ರಣ’ ಮತ್ತು ‘ನಿಯಮನ’: ಕೃತಕ ಬುದ್ಧಿಮತ್ತೆಯ ನೀತಿಗಳನ್ನು ಹೋಲಿಸುವ ಬರಹಕ್ಕಾಗಿ

ಮಾನ್ಯರೆ,

ಮುಂಬಯಿಯ ನಮ್ಮ ಸಂಘದ ವಾರ್ಷಿಕ ಸಂಚಿಕೆಗಾಗಿ, ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಬೇರೆ ಬೇರೆ ಸರಕಾರಗಳು ಹಿಡಿದಿರುವ ದಾರಿಗಳನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ರೆಗ್ಯುಲೇಶನ್’ ಎಂಬುದಕ್ಕೆ ಕನ್ನಡದಲ್ಲಿ ‘ನಿಯಂತ್ರಣ’ವೇ ರೂಢಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಹೆಸರಿನಲ್ಲೇ ಅದಿದೆ. ಆದರೆ ‘ಕಂಟ್ರೋಲ್’ಗೂ ಅದೇ ಪದ ಬಳಕೆಯಲ್ಲಿರುವುದರಿಂದ ಇಂಥ ಬರಹದಲ್ಲಿ ಅರ್ಥ ಕಲಸಿಹೋಗುತ್ತದೆ.

ಕೃತಕ ಬುದ್ಧಿಮತ್ತೆಗೆ ಬೇಕಾದ ಉನ್ನತ ದರ್ಜೆಯ ಚಿಪ್‌ಗಳು ಚೀನಾಕ್ಕೆ ಹೋಗದಂತೆ 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಹಾಕಿದ ಕಟ್ಟು ನಿಸ್ಸಂದೇಹವಾಗಿ ರಫ್ತು ನಿಯಂತ್ರಣ. ಕೃತಕ ಬುದ್ಧಿಮತ್ತೆಯ ಅತಿ ದೊಡ್ಡ ಮಾದರಿಗಳನ್ನು (‘ಮಾಡೆಲ್’) ತಯಾರಿಸುವವರು ಸುರಕ್ಷತಾ ಪರೀಕ್ಷೆಯ ಫಲಿತಾಂಶಗಳನ್ನು ಸರಕಾರಕ್ಕೆ ತಿಳಿಸಬೇಕೆಂದು 2023ರ ಅಕ್ಟೋಬರ್ 30ರಂದು ಬೈಡನ್ ಹೊರಡಿಸಿದ ಆದೇಶ ಬೇರೆಯೇ ಬಗೆಯದು. ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅದನ್ನು ರದ್ದುಗೊಳಿಸಿದರು. ಎರಡಕ್ಕೂ ‘ನಿಯಂತ್ರಣ’ ಎಂದು ಬರೆದರೆ, ಆ ದಿನ ಚಿಪ್‌ಗಳ ಮೇಲಿನ ಕಟ್ಟೂ ಸಡಿಲವಾಯಿತೆಂದು ಓದುಗರು ತಿಳಿದಾರು.

2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಕಾಯ್ದೆ ಅಪಾಯದ ಪ್ರಮಾಣವನ್ನು ನೋಡಿ ಹೊಣೆ ಹೊರಿಸುತ್ತದೆ. ಜನರ ನಡತೆಗೆ ಅಂಕ ಕೊಟ್ಟು ಅನ್ಯಾಯವಾಗಿ ನಡೆಸಿಕೊಳ್ಳುವಂಥ ಬಳಕೆಗಳಿಗೆ ಅಲ್ಲಿ ನಿಷೇಧವಿದೆ. ನೇಮಕಾತಿಗೆ ಅರ್ಜಿ ಸೋಸುವ ತಂತ್ರಾಂಶಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ. ಈಮೇಲ್‌ನ ಕಸ ಹೆಕ್ಕುವ ಸಾಧನವನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಡಲಾಗಿದೆ. ಇದಕ್ಕೆ ‘ನಿಯಂತ್ರಣ’ ಭಾರವಾದ ಮಾತು. ಚೀನಾದ 2023ರ ನಿಯಮಗಳು ಯಂತ್ರ ಬರೆಯುವ ಬರಹವೂ ಸಮಾಜವಾದಿ ಮೌಲ್ಯಗಳಿಗೆ ಬದ್ಧವಾಗಿರಬೇಕೆನ್ನುತ್ತವೆ. ಅಲ್ಲಾದರೋ ‘ನಿಯಂತ್ರಣ’ವೇ ಒಪ್ಪುತ್ತದೆಂದು ನನ್ನ ಅನಿಸಿಕೆ.

‘ರೆಗ್ಯುಲೇಶನ್’ಗೆ ಇಲ್ಲಿ ಮರಾಠಿಯಲ್ಲಿ ‘ನಿಯಮನ’ ದಿನನಿತ್ಯದ ಪದವಾದ್ದರಿಂದ ನನ್ನ ಕೈ ತಾನಾಗಿ ಅತ್ತ ಹೋಗುತ್ತದೆ. (ಪಾಲಿಸಿಗೆ ಮರಾಠಿಯಲ್ಲಿ ‘ಧೋರಣ’ವೆಂದಿದ್ದರೂ ಕನ್ನಡದಲ್ಲಿ ‘ಧೋರಣೆ’ಯೆಂದರೆ ಮನೋಭಾವವೆಂದೇ ಹೆಚ್ಚಾಗಿ ತಿಳಿಯುವುದರಿಂದ, ‘ನೀತಿ’ಯನ್ನೇ ಉಳಿಸಿಕೊಂಡಿದ್ದೇನೆ.) ಕಾನೂನಿನ ಕನ್ನಡದಲ್ಲಿ ‘ವಿನಿಯಮ’ವಿದೆಯಾದರೂ ಅದು ಲಿಖಿತ ಕಟ್ಟಳೆಯ ಹೆಸರೇ ಹೊರತು ಕ್ರಿಯೆಯದಲ್ಲ.

ಭಾರತದ ಒಂದು ಪ್ರಸಂಗ ಇನ್ನೂ ತೊಡಕಿನದು. ಸಾಕಷ್ಟು ಪರೀಕ್ಷೆಗೊಳಗಾಗದ ಮಾದರಿಗಳನ್ನು ಜನರ ಮುಂದಿಡುವ ಮೊದಲು ಸರಕಾರದ ಅನುಮತಿ ಪಡೆಯಬೇಕೆಂದು 2024ರ ಮಾರ್ಚ್ 1ರಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ತಿಳಿಸಿತು. ಎರಡು ವಾರಗಳಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಹೆಸರಿಗೆ ಅದು ‘ಸಲಹೆ’, ಒಕ್ಕಣೆ ಮಾತ್ರ ಅಪ್ಪಣೆಯದು. ಅದನ್ನು ‘ಸಲಹೆ’ ಎನ್ನುವುದೋ, ‘ಸೂಚನೆ’ ಎನ್ನುವುದೋ? ಹಾಗೆಯೇ ‘ನಿಯಮನ’ವು ಬೆಂಗಳೂರು, ಧಾರವಾಡ, ಮಂಗಳೂರುಗಳ ಓದುಗರಿಗೆ ಸಹಜವಾಗಿ ಕೇಳಿಸುತ್ತದೆಯೇ, ಮರಾಠಿಯ ವಾಸನೆ ಹೊಡೆಯುತ್ತದೆಯೇ ಎಂಬುದನ್ನು ಬಲ್ಲವರು ಪ್ರಯೋಗಸಹಿತ ತಿಳಿಸಬೇಕೆಂದು ಕೋರುತ್ತೇನೆ.