ಈಸ್ಟರ್ ದಿನಾಂಕದ ಲೆಕ್ಕ: 2019ರಲ್ಲಿ ಚರ್ಚಿನ ಹುಣ್ಣಿಮೆಗೂ ಆಕಾಶದ ಹುಣ್ಣಿಮೆಗೂ ಯಾಕೆ ತಾಳೆಯಾಗಲಿಲ್ಲ?

ಪ್ರಶ್ನೆ – ದಿನದರ್ಶಿ

ಕ್ಯಾಲೆಂಡರ್ ಆ್ಯಪ್‌ಗೆ ಈಸ್ಟರ್ ದಿನಾಂಕ ಹುಡುಕುವ ಕೋಡ್ ಬೇಕಾಗಿದೆ. ನಿಯಮ ಕೇಳಲು ಸುಲಭ: ವಸಂತ ವಿಷುವ (ಮಾರ್ಚ್‌ನಲ್ಲಿ ಹಗಲು-ರಾತ್ರಿ ಸಮವಾಗುವ ಹೊತ್ತು) ಆದ ಮೇಲಿನ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಖಗೋಳ ಲೈಬ್ರರಿಯಿಂದ ಸಮಯ ತೆಗೆದುಕೊಂಡು ಲೆಕ್ಕ ಹಾಕಿದರೆ 2019ಕ್ಕೆ ಮಾರ್ಚ್ 24 ಬರುತ್ತದೆ (ವಿಷುವ ಮಾರ್ಚ್ 20ರ 21:58, ಹುಣ್ಣಿಮೆ 21ರ 01:43, ಎರಡೂ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯ). ಹಬ್ಬ ನಡೆದದ್ದು ಮಾತ್ರ ಏಪ್ರಿಲ್ 21ಕ್ಕೆ! ಸರಿಯಾದ ಸೂತ್ರ ಯಾವುದು? ಇನ್ನೊಂದು: ಕಣ್ಣಿಗೆ ಕಾಣುವ ಹುಣ್ಣಿಮೆಯನ್ನು ಬಿಟ್ಟು ಹಳೆಯ ಪಟ್ಟಿಗೆ ಜೋತುಬೀಳುವುದು ಗೆಲಿಲಿಯೋ ಕಾಲದ ಹಟವೇ ಅಲ್ಲವೇ?

ಉತ್ತರ 1 – ಶೇಷಗಣಕ

ಕೋಡ್ ಸರಿಯಿದೆ. ಆದರೆ ಚರ್ಚಿನ ಲೆಕ್ಕದಲ್ಲಿ ವಿಷುವ ಯಾವ ವರ್ಷವಾದರೂ ಮಾರ್ಚ್ 21ಕ್ಕೇ. ಹುಣ್ಣಿಮೆಯೆಂದರೆ ಪಟ್ಟಿಯಲ್ಲಿ ಎಣಿಸಿದ ಚಾಂದ್ರ ತಿಂಗಳ 14ನೇ ದಿನ. ಪಟ್ಟಿಗೆ ಆಧಾರ 19 ವರ್ಷದ ಚಕ್ರ: 235 ಚಾಂದ್ರ ತಿಂಗಳಿಗೆ 6939.69 ದಿನ, 19 ಜೂಲಿಯನ್ ವರ್ಷಕ್ಕೆ (ಹಳೆಯ ಕ್ಯಾಲೆಂಡರಿನ 365.25 ದಿನದ ವರ್ಷ) 6939.75 ದಿನ. ಹಾಗಾಗಿ 19 ವರ್ಷಕ್ಕೊಮ್ಮೆ ಹುಣ್ಣಿಮೆಗಳು ಬಹುತೇಕ ಅದೇ ತಾರೀಖಿಗೆ ಬರುತ್ತವೆ. ಉಳಿಯುವ ಒಂದೂವರೆ ಗಂಟೆ ಸುಮಾರು 310 ವರ್ಷದಲ್ಲಿ ಒಂದು ದಿನವಾಗುತ್ತದೆ. ಅದನ್ನು ಸರಿಪಡಿಸಲು 1582ರ ಗ್ರೆಗೋರಿಯನ್ (ಈಗಿನ ಕ್ಯಾಲೆಂಡರಿನ) ಪಟ್ಟಿಯಲ್ಲಿ 2500 ವರ್ಷಕ್ಕೆ 8 ದಿನದ ತಿದ್ದುಪಡಿ ಇದೆ.

2019ರಲ್ಲಿ ಪಟ್ಟಿಯ ಹುಣ್ಣಿಮೆ ಮಾರ್ಚ್ 20ಕ್ಕೆ ಬಿತ್ತು. ಗಡಿಗೆ ಒಂದೇ ದಿನ ಕಡಿಮೆ, ಆದ್ದರಿಂದ ಲೆಕ್ಕಕ್ಕಿಲ್ಲ. ಮುಂದಿನದು ಏಪ್ರಿಲ್ 18, ಗುರುವಾರ; ಭಾನುವಾರ 21.

1900ರಿಂದ 2099ರವರೆಗೆ ಗಣಿತಜ್ಞ ಗೌಸ್‌ನ ಸೂತ್ರ ಇಷ್ಟಕ್ಕೆ ಇಳಿಯುತ್ತದೆ:

ಕ = ವರ್ಷವನ್ನು 19ರಿಂದ ಭಾಗಿಸಿದ ಶೇಷ
ಚ = 4ರಿಂದ ಭಾಗಿಸಿದ ಶೇಷ
ಟ = 7ರಿಂದ ಭಾಗಿಸಿದ ಶೇಷ
ತ = (19ಕ + 24) ಅನ್ನು 30ರಿಂದ ಭಾಗಿಸಿದ ಶೇಷ
ಪ = (2ಚ + 4ಟ + 6ತ + 5) ಅನ್ನು 7ರಿಂದ ಭಾಗಿಸಿದ ಶೇಷ
ಈಸ್ಟರ್ = ಮಾರ್ಚ್ (22 + ತ + ಪ); 31 ಮೀರಿದರೆ 31 ಕಳೆದು ಏಪ್ರಿಲ್.

2025ಕ್ಕೆ ಹಾಕಿ ನೋಡಿ: ಕ 11, ಚ 1, ಟ 2, ತ 23, ಪ 6. ಮೊತ್ತ 51, ಅಂದರೆ ಏಪ್ರಿಲ್ 20. ಇಲ್ಲಿ ಪಟ್ಟಿಯ ಹುಣ್ಣಿಮೆ (ಮಾರ್ಚ್ 21 + ತ) ಏಪ್ರಿಲ್ 13, ಅದೇ ಭಾನುವಾರ. ಹುಣ್ಣಿಮೆ ಭಾನುವಾರವೇ ಬಂದರೆ ಹಬ್ಬ ಮುಂದಿನ ವಾರಕ್ಕೆ. ಸ್ವಂತ ಕೋಡ್ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಎರಡು ಅಪವಾದ ಮರೆಯಬೇಡಿ. ತ 29, ಪ 6 ಬಂದು ಉತ್ತರ ಏಪ್ರಿಲ್ 26 ಆದರೆ ಅದನ್ನು 19 ಮಾಡಿ (1981, 2076). ತ 28, ಪ 6, ಕ 10ಕ್ಕಿಂತ ಹೆಚ್ಚಾಗಿದ್ದು ಏಪ್ರಿಲ್ 25 ಬಂದರೆ 18 ಮಾಡಿ (1954, 2049). ಪಟ್ಟಿಯ ಹುಣ್ಣಿಮೆ ಏಪ್ರಿಲ್ 18 ದಾಟಕೂಡದು, ಅದಕ್ಕೇ ಈ ಕತ್ತರಿ. ಈ ನಾಲ್ಕೂ ವರ್ಷ ಪಾಸಾಗದ ಕೋಡನ್ನು ನಂಬಬೇಡಿ. 2100 ಅಧಿಕ ವರ್ಷವಲ್ಲವಾದ್ದರಿಂದ 2100–2199ಕ್ಕೆ ಕೊನೆಯ 5ರ ಜಾಗದಲ್ಲಿ 6 ಹಾಕಬೇಕು. 24 ಹಾಗೇ ಇರುತ್ತದೆ.

ಉತ್ತರ 2 – ಜೂಲಿಯನ್13

ಆರ್ಥೊಡಾಕ್ಸ್ (ಪೂರ್ವದ ಚರ್ಚ್‌ಗಳ) ದಿನಾಂಕವೂ ಬೇಕಾದರೆ ಅದೇ ಸೂತ್ರದಲ್ಲಿ 24ರ ಬದಲು 15, 5ರ ಬದಲು 6 ಹಾಕಿ. ಅಪವಾದಗಳಿಲ್ಲ. ಬರುವುದು ಜೂಲಿಯನ್ ತಾರೀಖು, 2099ರವರೆಗೆ ಅದಕ್ಕೆ 13 ದಿನ ಕೂಡಿಸಿ. ಪಶ್ಚಿಮದ (ಕ್ಯಾಥೊಲಿಕ್, ಪ್ರೊಟೆಸ್ಟೆಂಟ್) ಈಸ್ಟರ್‌ಗೆ 13 ಕೂಡಿಸುವವರಿದ್ದಾರೆ, ಅದು ಶುದ್ಧ ತಪ್ಪು. 2024ಕ್ಕೆ ಜೂಲಿಯನ್ ಏಪ್ರಿಲ್ 22, ಅಂದರೆ ಮೇ 5. ಪಶ್ಚಿಮದಲ್ಲಿ ಮಾರ್ಚ್ 31ಕ್ಕೇ ಮುಗಿದಿತ್ತು. ಆರ್ಥೊಡಾಕ್ಸರ ಮಾರ್ಚ್ 21 ನಮ್ಮ ಏಪ್ರಿಲ್ 3 ಆಗುವುದರಿಂದ ಮಾರ್ಚ್ 25ರ ಹುಣ್ಣಿಮೆ ಹೊರಗುಳಿಯಿತು. ಫಿನ್‌ಲ್ಯಾಂಡಿನ ಆರ್ಥೊಡಾಕ್ಸ್ ಚರ್ಚ್ ಮಾತ್ರ ಪಶ್ಚಿಮದ ದಿನಾಂಕವನ್ನೇ ಪಾಲಿಸುತ್ತದೆ, ಅದಕ್ಕೊಂದು ಆಯ್ಕೆ ಇಟ್ಟಿರಿ.

ಉತ್ತರ 3 – ಬಿಸಿಲಕೋಲು

ಎರಡನೇ ಪ್ರಶ್ನೆಗೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ 1633ರಲ್ಲಿ ಚರ್ಚು ಗೆಲಿಲಿಯೋಗೆ ಕೊಟ್ಟ ಶಿಕ್ಷೆಯನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ. ಅವನ ಪುಸ್ತಕ ನಿಷೇಧಿತ ಪಟ್ಟಿಯಿಂದ ಬಿಟ್ಟುಹೋದದ್ದು 1835ರಲ್ಲಿ. ಆದರೆ ಈಸ್ಟರ್ ಲೆಕ್ಕವನ್ನು ಅದೇ ಗಂಟಿಗೆ ಕಟ್ಟಲಾಗದು. ಹಬ್ಬ ಯಾವಾಗ ಎಂದು ಹೇಳಬೇಕಾದರೆ ಚರ್ಚಿಗೆ ಖಗೋಳ ಬೇಕೇ ಬೇಕಿತ್ತು.

ಜೂಲಿಯನ್ ವರ್ಷ ನಿಜ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. 325ರಲ್ಲಿ ನೈಸಿಯಾದಲ್ಲಿ ನಡೆದ ಚರ್ಚ್ ಸಭೆಯ ಕಾಲದಿಂದ 1582ರ ಹೊತ್ತಿಗೆ ವಿಷುವ 10 ದಿನ ಹಿಂದೆ ಸರಿದಿತ್ತು. ಪೋಪ್ 13ನೇ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಘೋಷಿಸಿದರು. ಯೋಜನೆ ವೈದ್ಯ ಲಿಲಿಯಸ್‌ನದು, ಅದನ್ನು ವಿವರಿಸಿ ಸಮರ್ಥಿಸಿದವನು ಜೆಸ್ವಿಟ್ ಗಣಿತಜ್ಞ ಕ್ಲಾವಿಯಸ್. ಕ್ಲಾವಿಯಸ್ ಭೂಮಿ ಅಲುಗದು ಎಂದೇ ನಂಬಿದ್ದವನು! ಕ್ಯಾಲೆಂಡರಿಗೆ ಅದರಿಂದ ತೊಂದರೆಯಾಗಲಿಲ್ಲ. ಅದಕ್ಕೆ ಬೇಕಿದ್ದದ್ದು ವರ್ಷದ ಉದ್ದ ಮತ್ತು ಚಂದ್ರನ ಆವರ್ತ, ಅಷ್ಟೇ.

ಇನ್ನೂ ಸ್ವಾರಸ್ಯದ್ದು ಇಟಲಿಯ ಬೊಲೊನ್ಯಾದ ಸಾನ್ ಪೆಟ್ರೋನಿಯೋ ಚರ್ಚು. 1655ರಲ್ಲಿ, ಅಂದರೆ ಗೆಲಿಲಿಯೋ ತೀರ್ಪಾಗಿ 22 ವರ್ಷಕ್ಕೆ, ಪೋಪರದೇ ಆಳ್ವಿಕೆಯ ಊರಿನಲ್ಲಿ ಖಗೋಳಜ್ಞ ಕ್ಯಾಸಿನಿ ಅಲ್ಲಿ ಮಧ್ಯಾಹ್ನ ರೇಖೆ ಹಾಕಿಸಿದ. ಸುಮಾರು 27 ಮೀಟರ್ ಎತ್ತರದಲ್ಲೊಂದು ರಂಧ್ರ, ನೆಲದ ಮೇಲೆ ಉತ್ತರ-ದಕ್ಷಿಣವಾಗಿ ಸುಮಾರು 67 ಮೀಟರಿನ ಗೆರೆ. ಮಧ್ಯಾಹ್ನ ಸೂರ್ಯನ ಬಿಂಬ ಗೆರೆಯ ಮೇಲೆ ಬೀಳುತ್ತದೆ: ಬೇಸಿಗೆಯ ಅಯನದಂದು (ವರ್ಷದ ಅತಿ ದೀರ್ಘ ಹಗಲಿನ ದಿನ) ರಂಧ್ರದ ನೇರ ಕೆಳಗಿನಿಂದ 10 ಮೀಟರ್ ಆಚೆ, ಚಳಿಗಾಲದ ಅಯನದಂದು (ಅತಿ ಚಿಕ್ಕ ಹಗಲಿನ ದಿನ) ಗೆರೆಯ ತುದಿಯಲ್ಲಿ. ವಿಷುವದ ಆಸುಪಾಸಿನಲ್ಲಿ ಬಿಂಬ ದಿನಕ್ಕೆ ಸುಮಾರು 36 ಸೆಂಟಿಮೀಟರ್ ಸರಿಯುತ್ತದೆ, ಗಂಟೆಗೆ ಒಂದೂವರೆ ಸೆಂಟಿಮೀಟರ್ ಬಿತ್ತು. ಎರಡು ಮಧ್ಯಾಹ್ನಗಳ ಗುರುತು ಇದ್ದರೆ ವಿಷುವ ಯಾವ ಗಂಟೆಗೆ ಆಯಿತೆಂದು ನಡುವೆ ಅಂದಾಜು ಮಾಡಬಹುದು. ಅಯನದ ದಿನಗಳಲ್ಲಿ ಇದು ನಡೆಯದು, ಬಿಂಬ ಅಲ್ಲಿ ನಿಂತಂತೆಯೇ ಇರುತ್ತದೆ. ಎತ್ತರದ ಕಟ್ಟಡ ಬೇಕಾದದ್ದು ಈ ಸೂಕ್ಷ್ಮತೆಗಾಗಿ.

ಕ್ಯಾಸಿನಿ ಬಿಂಬದ ಗಾತ್ರವನ್ನೂ ಅಳೆದ. ಸೂರ್ಯನ ವೇಗ ವರ್ಷದಲ್ಲಿ ಸುಮಾರು 6.7% ಏರಿಳಿದಂತೆ ಕಾಣುತ್ತದೆ. ಅದು ಬರೀ ದೂರ ಹೆಚ್ಚುಕಡಿಮೆಯಾಗುವುದರಿಂದ ಹುಟ್ಟಿದ ಭ್ರಮೆಯಾಗಿದ್ದರೆ ಬಿಂಬವೂ ಅಷ್ಟೇ ಬದಲಾಗಬೇಕಿತ್ತು. ಬದಲಾದದ್ದು ಅದರ ಅರ್ಧದಷ್ಟು. ಅಂದರೆ ವೇಗ ನಿಜವಾಗಿಯೇ ಬದಲಾಗುತ್ತದೆ, ಖಗೋಳಜ್ಞ ಕೆಪ್ಲರ್ ಹೇಳಿದಂತೆ. ಸುತ್ತುವುದು ಭೂಮಿಯೋ ಸೂರ್ಯನೋ ಎಂಬುದನ್ನು ಈ ಅಳತೆ ತೀರ್ಮಾನಿಸುವುದಿಲ್ಲ. ಚರ್ಚಿನೊಳಗೇ ಇದನ್ನು ನಡೆಸಲು ಅಡ್ಡಿಯಾಗದೆ ಹೋದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ದಿನದರ್ಶಿ

ಸೂತ್ರ ಕೆಲಸ ಮಾಡಿತು, ನಾಲ್ಕು ವರ್ಷವೂ ಪಾಸು. ಆದರೆ ಈಗ ನಿಖರ ಖಗೋಳ ಲೆಕ್ಕ ಕೈಯಲ್ಲೇ ಇರುವಾಗ ಪಟ್ಟಿ ಬಿಡಬಹುದಲ್ಲ?

ಶೇಷಗಣಕ

ಬಿಟ್ಟು ನೋಡಿದ್ದಾರೆ. ಜರ್ಮನಿಯ ಪ್ರೊಟೆಸ್ಟೆಂಟ್ ರಾಜ್ಯಗಳು 1700ರಿಂದ ಕೆಪ್ಲರ್‌ನ ಕೋಷ್ಟಕಗಳಿಂದ ಈಸ್ಟರ್ ಲೆಕ್ಕ ಹಾಕಿದವು. 1724ರಲ್ಲಿ ಅವರಿಗೆ ಏಪ್ರಿಲ್ 9, ಕ್ಯಾಥೊಲಿಕರಿಗೆ 16. 1744ರಲ್ಲೂ ಒಂದು ವಾರದ ಅಂತರ. ಅಕ್ಕಪಕ್ಕದವರೇ ಬೇರೆ ಬೇರೆ ಭಾನುವಾರ ಹಬ್ಬ ಮಾಡಬೇಕಾಯಿತು. 1776ರಲ್ಲಿ ಕೈಬಿಟ್ಟರು.

ಇನ್ನೊಂದು ತೊಡಕು ಹುಣ್ಣಿಮೆಯ ಕ್ಷಣ ಎಲ್ಲಿಯ ಗಡಿಯಾರದ್ದು ಎಂಬುದು. 2025ರ ಹುಣ್ಣಿಮೆ ಯುಟಿಸಿಯಲ್ಲಿ ಏಪ್ರಿಲ್ 13, ಭಾನುವಾರ 00:22. ನ್ಯೂಯಾರ್ಕಿನಲ್ಲಿ ಆಗಿನ್ನೂ ಶನಿವಾರ ರಾತ್ರಿ 8:22. ಅಲ್ಲಿಯ ಗಡಿಯಾರ ಹಿಡಿದರೆ ಈಸ್ಟರ್ 13ಕ್ಕೆ, ಯುಟಿಸಿ ಹಿಡಿದರೆ 20ಕ್ಕೆ. ಪಟ್ಟಿಗೆ ಈ ರಗಳೆಯಿಲ್ಲ. ಪೆನ್ನು ಕಾಗದ ಇದ್ದರೆ ಎಲ್ಲಿದ್ದವರಿಗೂ ಒಂದೇ ಉತ್ತರ. ನನ್ನ ಮಟ್ಟಿಗೆ ಅದು ಹಟಕ್ಕಿಂತ ಒಳ್ಳೆಯ ಎಂಜಿನಿಯರಿಂಗ್.

ಎಲ್ಲ ಚರ್ಚ್‌ಗಳಿಗೂ ಒಂದೇ ಈಸ್ಟರ್ ದಿನಾಂಕ ತರಲು 1997ರಲ್ಲಿ ಅಲೆಪ್ಪೊದಲ್ಲಿ ನಡೆದ ಸಮಾಲೋಚನೆಯ ಪ್ರಸ್ತಾವ ಈ ಗಡಿಯಾರದ ತೊಡಕಿಗೆ ಜೆರುಸಲೇಮಿನ ರೇಖಾಂಶದ ಸಮಯವನ್ನು ಸೂಚಿಸಿತ್ತು, ಯುಟಿಸಿಗಿಂತ ಸುಮಾರು 2 ಗಂಟೆ 21 ನಿಮಿಷ ಮುಂದೆ. ಅದು ಜಾರಿಗೆ ಬಂದಿಲ್ಲ. ನಿಮ್ಮ ಮೊದಲ ಕೋಡಿಗೆ ಆ ಸಮಯ ಕೊಟ್ಟು ಬೇರೆ ಫಂಕ್ಷನ್ನಾಗಿ ಇಟ್ಟುಕೊಳ್ಳಿ: 2019ಕ್ಕೆ ಮಾರ್ಚ್ 24, 2025ಕ್ಕೆ ಏಪ್ರಿಲ್ 20 ಬರಬೇಕು.